ಹಂಡೆಯೊಳಗಿನ ಕಲ್ಲು

ಮೂರನೆಯ ಕೊಡ ಸುರಿದಾಗ ಒಲೆಯೊಳಗೆ ಚುಸ್ಸೆಂದು ಸದ್ದಾಯಿತು. ಸೌದೆ ಹಸಿಯಿರಬೇಕು ಎಂದುಕೊಂಡು ಸೊಸೆ ಇನ್ನೊಂದು ಕೊಡವನ್ನೂ ಎತ್ತಿ ಹಂಡೆಗೆ ಸುರಿದಳು. ಬೆಂಕಿ ಒಮ್ಮೆ ಕೆಮ್ಮಿದ ಹಾಗೆ ಬೂದಿ ಹಾರಿಸಿ ನಂದಿಯೇ ಹೋಯಿತು. ಮಂಡಿಯೂರಿ ಒಲೆಯ ಬಾಯಿಗೆ ಕಣ್ಣಿಟ್ಟು ನೋಡಿದಳು. ಹಂಡೆಯ ತಳದಿಂದ ನೀರು ಇಳಿಯುತ್ತಿತ್ತು. ಒಂದು ಕಡೆಯಿಂದಾಗಿದ್ದರೆ ಬಟ್ಟೆಯನ್ನಾದರೂ ತುರುಕುತ್ತಿದ್ದಳು. ಇದು ಜರಡಿಯಿಂದ ಇಳಿದ ಹಾಗೆ ಎಲ್ಲ ಕಡೆಯಿಂದಲೂ ಇಳಿಯುತ್ತಿತ್ತು.

ಕೊಡ ಕೆಳಗಿಟ್ಟು ನಡುಮನೆಯ ಕಡೆ ತಿರುಗಿ ನೋಡಿದಳು.

ನಡುಮನೆಯಲ್ಲಿ ಅವಳ ಅತ್ತೆ ಚಾಪೆಯ ಮೇಲೆ ಮಲಗಿದ್ದಳು. ಬೆಳಕು ಹರಿಯುವ ಹೊತ್ತಿಗೆ ಜೀವ ಹೋಗಿತ್ತು. ಬಸ್ ನಿಲ್ದಾಣದ ಹಿಂದಿನ ಈ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಹಂಡೆಯಮ್ಮ ಎಂದರೆ ಸಾಕು. ಮದುವೆಯಾಗಿ ಬಂದಾಗಿನಿಂದ ಹಿತ್ತಿಲಿನ ಈ ದೊಡ್ಡ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ, ಮೂಟೆ ಹೊರುವವರಿಗೆ, ಲಾರಿಯವರಿಗೆ, ನೀರಿಲ್ಲದ ಬಾಡಿಗೆ ಕೋಣೆಗಳವರಿಗೆ ಸ್ನಾನಕ್ಕೆ ಕೊಟ್ಟವಳು. ಊರಿಗೆಲ್ಲ ಬಿಸಿನೀರು ಮೊಗೆದುಕೊಟ್ಟವಳು ತನಗೆ ಅಂತ ಕೇಳಿಕೊಂಡದ್ದು ಒಂದೇ. ತಾನು ಹೋದ ದಿನ ಮೈಮೇಲೆ ತಣ್ಣೀರು ಬೀಳಬಾರದು. ಕಾಯಿಸಿ ಮೆತ್ತಗಾದ ನೀರೇ ಆಗಬೇಕು, ತಲೆಯಲ್ಲಿ ನೊರೆ ಬರಬೇಕು, ಎರೆಯುವ ಕೈ ಸೊಸೆಯದಾಗಬೇಕು.

ಸೊಸೆ ಹೂಂ ಅಂದಿದ್ದಳು. ಅಂದ ಮಾತು ಈಗ ಒಲೆಯ ಬೂದಿಯಲ್ಲಿ ಕೆಸರಾಗುತ್ತಿತ್ತು.

“ನೀರು ಕಾಯ್ತೇನೇ?” ಗಂಡ ಹಿತ್ತಿಲ ಬಾಗಿಲಿಗೆ ಬಂದು ಕೇಳಿದ. ಬಸ್ ಡಿಪೋದಲ್ಲಿ ಟೈರು ಬಿಚ್ಚುವ ಕೆಲಸದವನು, ಮಾತು ಕಡಿಮೆ. ಅಳು ನುಂಗಿ ನುಂಗಿ ಮೂಗು ಕೆಂಪಾಗಿತ್ತು.

“ಕಾಯುತ್ತೆ ಹೋಗಿ. ತಲೆ ಮೇಲೆ ಬಂದು ಕೂತ್ರೆ ಬೇಗ ಕಾಯುತ್ತಾ?”

“ಮಧ್ಯಾಹ್ನಕ್ಕೆ ಅಮ್ಮನ್ನ ಒಯ್ಯೋ ಗಾಡಿ ಬರುತ್ತೆ, ಅದಕ್ಕೇ ಕೇಳ್ದೆ.”

“ಕಾಯುತ್ತೆ ಅಂದ್ನಲ್ಲ!”

ಅವನು ತಲೆ ತಗ್ಗಿಸಿಕೊಂಡು ಹೋದ. ಸೊಸೆ ಸೆರಗು ಹರಡಿ ಒಲೆಗೆ ಅಡ್ಡ ನಿಂತೇ ಇದ್ದಳು, ಗಂಡನ ಕಣ್ಣಿಗೆ ಬೀಳಬಾರದೆಂದು.

*

ಈ ಊರಿನ ನಲ್ಲಿ ನೀರಿನ ಕತೆ ಅದನ್ನು ಕುಡಿದವರಿಗೇ ಗೊತ್ತು. ಕೊಳವೆಬಾವಿಯಿಂದ ಎತ್ತಿ, ಎತ್ತರದ ಟ್ಯಾಂಕಿಗೆ ತುಂಬಿ ಬಿಡುವ ನೀರು. ಲೋಟದಲ್ಲಿ ಹಿಡಿದರೆ ಆಕಡೆಯ ಗೋಡೆ ಕಾಣುವಷ್ಟು ತಿಳಿ. ಲೋಟ ಒಣಗಿದ ಮೇಲೆ ನೋಡಬೇಕು, ಸುಣ್ಣ ಬಳಿದ ಹಾಗಿರುತ್ತದೆ. ಮನೆಮನೆಯ ನಲ್ಲಿಗೂ ಬಿಳಿ ಗಡ್ಡ. ಸೋಪು ಉಜ್ಜಿದರೆ ನೊರೆಯಲ್ಲ, ಒಡೆದ ಹಾಲಿನಂಥ ಗಷ್ಟು. ಹೆಂಗಸರ ಕೂದಲು ತೆಂಗಿನ ನಾರು. ಹೊಸ ಅಂಗಿಯನ್ನು ನಾಲ್ಕು ಸಲ ಒಗೆದರೆ ಗೋಣಿಚೀಲ.

ಹಂಡೆಯಮ್ಮನ ಹಿತ್ತಿಲಲ್ಲಿ ಮಾತ್ರ ಅದೇ ನಲ್ಲಿಯ ನೀರು ಬೇರೆಯೇ ಆಗುತ್ತಿತ್ತು. ಅವಳು ಬರೀ ಬೆಚ್ಚಗೆ ಮಾಡಿ ಕೊಡುವವಳಲ್ಲ. ಕೊತಕೊತ ಕುದಿಸಿ, ಬೆಂಕಿ ಹಿಂದಕ್ಕೆಳೆದು, ಕದಡದೆ ಬಿಟ್ಟು, ತಿಳಿಯಾದ ಮೇಲೆ ಮೇಲುಮೇಲಿನಿಂದ ಮೊಗೆದುಕೊಡುವವಳು. ಅವಸರ ಮಾಡಿದವರಿಗೆ ಬೈಗುಳ ಕಾದಿರುತ್ತಿತ್ತು.

“ತಡಿಯೋ, ಇನ್ನೂ ಗಡಸಾಗಿದೆ. ಮೆತ್ತಗಾಗ್ಲಿ.”

“ನೀರೇನು ಬೇಳೇನಾ ಹಂಡೆಯಮ್ಮ, ಮೆತ್ತಗಾಗೋಕೆ?” ಎಂದು ನಗುತ್ತಿದ್ದವನು ಜಾಕಿ. ಲಾರಿಯಿಂದ ಮೂಟೆ ಇಳಿಸುವವನು, ಲಾರಿಯನ್ನೇ ಎತ್ತುತ್ತಾನೆ ಅಂತ ಆ ಹೆಸರು.

“ನಿನ್ನ ತಲೆಗಿಂತ ಬೇಗ ಮೆತ್ತಗಾಗುತ್ತೆ. ಕೂತ್ಕೋ.”

ಯಾಕೆ ಮೆತ್ತಗಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿದಳು, ಅಷ್ಟೆ. ಸೊಸೆ ಮನೆ ತುಂಬಿದ ಹೊಸತರಲ್ಲಿ ನೀರಿನ ಕಚೇರಿಯಿಂದ ಒಬ್ಬ ಬಂದ. ಬೀದಿಬೀದಿಯ ನೀರನ್ನು ಶೀಸೆಯಲ್ಲಿ ಹಿಡಿದು ಪರೀಕ್ಷೆ ಮಾಡುವ ಕೆಲಸ. ಕಂಕುಳಲ್ಲಿ ಸದಾ ಬಾಟಲಿ ಇರುತ್ತಿದ್ದರಿಂದ ಜನ ಅವನಿಗೆ ಬಾಟ್ಲಿ ಸಾಹೇಬ ಎಂದು ಹೆಸರಿಟ್ಟಿದ್ದರು. ಪಾಪ, ಹನಿ ಹೆಂಡ ಮುಟ್ಟಿದವನಲ್ಲ.

ಅವತ್ತು ಅವನು ಒಂದು ಶೀಸೆಗೆ ನಲ್ಲಿ ನೀರು, ಇನ್ನೊಂದಕ್ಕೆ ಹಂಡೆಯ ನೀರು ಹಿಡಿದು, ಎರಡಕ್ಕೂ ಸೋಪಿನ ದ್ರವ ಹಾಕಿ ಕುಲುಕಿದ. ನಲ್ಲಿಯದು ಮಂಕಾಗಿ, ಚೂರುಚೂರು ಗಷ್ಟು ತೇಲಿ ಸುಮ್ಮನಾಯಿತು. ಹಂಡೆಯದರಲ್ಲಿ ನೊರೆ ಕತ್ತಿನವರೆಗೆ ಏರಿ ಅಲ್ಲೇ ನಿಂತಿತು. ಅವನು ಮತ್ತೆ ಕುಲುಕಿದ, ಮತ್ತೆ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ.

“ಅಮ್ಮ, ಈ ಊರಿನ ನೀರಲ್ಲಿ ಕಲ್ಲಿದೆ. ಕರಗ್ಕೊಂಡು ಕೂತಿದೆ, ಕಣ್ಣಿಗೆ ಕಾಣಲ್ಲ. ಕುದಿಸಿದ್ರೆ ಅದರಲ್ಲಿ ಬಹಳಷ್ಟು ಹೊರಗೆ ಬಂದು ಪಾತ್ರೆಗೆ ಅಂಟುತ್ತೆ. ನಿಮ್ಮ ಹಂಡೆ ಒಳಗೆ ಕೈ ಹಾಕಿ ನೋಡಿ.”

ಹಂಡೆಯಮ್ಮ ತಣ್ಣಗಾಗಿದ್ದ ಹಂಡೆಯೊಳಗೆ ತೋಳು ಮುಳುಗಿಸಿ ಸವರಿದಳು. ದಿನಾ ಮುಟ್ಟುತ್ತಿದ್ದದ್ದೇ. ಬಂಡೆಯ ಹಾಗೆ ಗಟ್ಟಿ, ಉಬ್ಬುತಗ್ಗು.

“ಇದು ನೀರಲ್ಲಿತ್ತಾ?”

“ನೀರಲ್ಲಿತ್ತು.”

“ಈ ತಿಳಿ ನೀರಲ್ಲಿ?”

“ಹೂಂ ಅಮ್ಮ.”

ಅವಳು ಕೈ ತೆಗೆಯದೆ ಹಾಗೇ ನಿಂತುಬಿಟ್ಟಳು. ಸೊಸೆಗೂ ಮೈ ಜುಂ ಎಂದಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಬೆರಗಿನಿಂದ ಒಲೆ ಉರಿಯುವುದಿಲ್ಲ. ಕಲ್ಲು ದಪ್ಪವಾದಷ್ಟೂ ನೀರು ಕಾಯುವುದು ತಡ, ಸೌದೆ ದುಪ್ಪಟ್ಟು. ಊದಿ ಊದಿ ಕಣ್ಣು ಕೆಂಡವಾಗುತ್ತಿದ್ದದ್ದು ಸೊಸೆಯದು. “ಅತ್ತೆ, ಒಂದ್ಸಲ ಕೆರೆದು ತೆಗೆದುಬಿಡೋಣ” ಎಂದರೆ ಮುದುಕಿ ಕಣ್ಣು ಕೆಕ್ಕರಿಸುತ್ತಿದ್ದಳು: “ಅದರ ತಂಟೆಗೆ ಹೋಗ್ಬೇಡ.” ಕಾರಣ ಕೇಳಿದರೆ ಇಲ್ಲ. ಈ ಒಂದು ವಿಷಯಕ್ಕೆ ಅತ್ತೆ ಸೊಸೆ ಎಣ್ಣೆ ಸೀಗೇಕಾಯಿ. ಇಡೀ ಓಣಿಗೆ ಕೇಳುವ ಹಾಗೆ ಜಗಳವಾಡಿ, ಆಮೇಲೆ ಒಂದೇ ತಟ್ಟೆಯಲ್ಲಿ ಕೂತು ಉಣ್ಣುತ್ತಿದ್ದರು.

*

ಅಂಗಳದಲ್ಲಿ ಜನ ಸೇರುತ್ತಿದ್ದರು. ಸತ್ತ ಮನೆಯಲ್ಲೂ ಮಾತು ನಲ್ಲಿಗೇ ಬಂದು ನಿಂತಿತ್ತು.

“ನಮ್ಮನೆ ಗೀಸರ್ ಬಿಚ್ಚಿದ್ರೆ ಒಳಗೆ ಅರ್ಧ ಬಕೆಟ್ ಕಲ್ಲು ಮಾರಾಯ” ಎಂದ ಕ್ಷೌರದಂಗಡಿಯವನು. “ರಿಪೇರಿಯವನು ಕೇಳ್ತಾನೆ, ಮನೆ ಕಟ್ಟಿಸ್ತಿದ್ದೀರಾ ಅಂತ.”

“ನದಿ ನೀರು ತರ್ತೀವಿ ಅಂದ್ರಲ್ಲ?”

“ತರ್ತಾರೆ. ನಮ್ಮನ್ನೆಲ್ಲ ನದಿ ಹತ್ರ ಸಾಗಿಸಿದ ಮೇಲೆ.”

ನಗೆ ಬಂತು, ಬಂದ ಕೂಡಲೇ ಒಳಗೆ ಮಲಗಿದವಳ ನೆನಪಾಗಿ ಎಲ್ಲರೂ ಕೆಮ್ಮಿಕೊಂಡರು. ಜಾಕಿ ಮಾತ್ರ ನಗಲಿಲ್ಲ. ಗೋಡೆಗೊರಗಿ, ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ.

ಸೊಸೆ ಅಡುಗೆಮನೆಯಲ್ಲಿ ಕದ ಮುಚ್ಚಿಕೊಂಡು ಸಣ್ಣ ಪಾತ್ರೆಯಲ್ಲಿ ನೀರಿಟ್ಟಿದ್ದಳು. ಸ್ಟೌವಿನ ಒಂದು ಬರ್ನರು ಕೆಟ್ಟು ಎಷ್ಟೋ ಕಾಲವಾಗಿತ್ತು, ಇನ್ನೊಂದು ಉಗುರಿನಷ್ಟು ಉರಿಯುತ್ತಿತ್ತು. ನೀರು ಬೆಚ್ಚಗಾದ ಕೂಡಲೇ ತಡೆಯಲಾರದೆ ಅದರಲ್ಲಿ ಸೋಪು ಉಜ್ಜಿ ನೋಡಿದಳು. ಬಿಳಿ ಗಷ್ಟು. ಕುದಿಯಬೇಕು, ನಿಲ್ಲಬೇಕು, ತಿಳಿಯಾಗಬೇಕು. ಈ ಉರಿಯಲ್ಲಿ ಒಬ್ಬರ ತಲೆಗಾಗುವಷ್ಟು ನೀರಾಗುವ ಹೊತ್ತಿಗೆ ಸಂಜೆಯಾಗುತ್ತದೆ.

ಬಾಗಿಲು ತಳ್ಳಿಕೊಂಡು ನಾದಿನಿ ಒಳಗೆ ಬಂದಳು. ಪಕ್ಕದ ಊರಿಗೆ ಕೊಟ್ಟ ಮನೆಮಗಳು, ಬೆಳಗಿನ ಬಸ್ಸಿಗೇ ಓಡಿ ಬಂದಿದ್ದಳು. ಅತ್ತು ಅತ್ತು ಸೆರಗಿನ ತುದಿ ಒದ್ದೆಯಾಗಿತ್ತು.

“ಏನು ಅತ್ತಿಗೆ ಇಲ್ಲಿ ಕೂತಿದ್ದೀರಿ? ಹಂಡೆ ನೀರು?”

“ಒಲೆ ಹತ್ತಲಿಲ್ಲ.”

“ಹೋಗ್ಲಿ ಬಿಡಿ. ಬಕೆಟಲ್ಲಿ ನಲ್ಲಿ ನೀರು ಹಿಡಿದು ಎರಡು ಚೊಂಬು ಹುಯ್ದು ಮುಗಿಸೋಣ. ಗಾಡಿ ಬಂದ್ರೆ ನಿಲ್ಲಲ್ಲ. ಅಮ್ಮನಿಗೆ ಇನ್ನು ಬಿಸಿ ಯಾವ್ದು, ತಣ್ಣಗೆ ಯಾವ್ದು.”

ಸೊಸೆ ತಲೆಯೆತ್ತಿದಳು. ದಾರಿ ತೆರೆದಿತ್ತು. ಹೇಳಿದವಳು ಸ್ವಂತ ಮಗಳೇ. ಹೂಂ ಅಂದುಬಿಟ್ಟರೆ ಹಂಡೆಯ ವಿಷಯ ಯಾರಿಗೂ ತಿಳಿಯುವುದಿಲ್ಲ. ಮೂರು ದಿನ ಬಿಟ್ಟು ಹಳೇ ಹಂಡೆ ಸೋರಿತು ಅಂದರೆ ಮುಗಿಯಿತು.

*

ಮೊನ್ನೆ ಅತ್ತೆ ಹಾಸಿಗೆಯಿಂದ ಏಳಲಾರದ ಸ್ಥಿತಿಗೆ ಬಂದಿದ್ದಳು. ಸ್ನಾನಕ್ಕೆ ಬರುವವರನ್ನು ಸೊಸೆ ಬಾಗಿಲಿನಿಂದಲೇ ಕಳಿಸಿದ್ದಳು. ಒಲೆ ತಣ್ಣಗಿತ್ತು. ಇಂಥ ಹೊತ್ತು ಮತ್ತೆ ಸಿಗುವುದಿಲ್ಲ ಅನಿಸಿ, ಬಚ್ಚಲು ತೊಳೆಯುವ ಆಸಿಡ್ಡನ್ನು ತಂದು ಹಂಡೆಗೆ ಸುರಿದಳು.

ಕಲ್ಲು ಕೂಗಿತು. ಹೌದು, ಅವಳಿಗೆ ಹಾಗೇ ಕೇಳಿಸಿತು. ಬುಸುಬುಸು ನೊರೆಯೆದ್ದು, ಹಂಡೆ ತುಂಬಿ, ಮೂಗಿಗೆ ಹೊಡೆಯುವ ಹೊಗೆ ಎದ್ದಿತು. ಸೆರಗು ಮುಖಕ್ಕೆ ಕಟ್ಟಿಕೊಂಡು ಉಳಿಯಲ್ಲಿ ಮೀಟಿದಳು. ಅಂಚು ಸಡಿಲವಾಗಿ ಹಲಗೆ ಹಲಗೆಯಾಗಿ ಕಲ್ಲು ಎದ್ದು ಬಂತು. ಅಡಿಯಲ್ಲಿ ತಾಮ್ರ ಹೊಸ ಮಡಕೆಯ ಹಾಗೆ ಕೆಂಪಗೆ ನಕ್ಕಿತು. ಒದ್ದೆ ಬಟ್ಟೆಯಿಂದ ಒರೆಸಿದಳೇ ಹೊರತು ನೀರು ತುಂಬಿ ನೋಡಲಿಲ್ಲ. ಅತ್ತೆ ಎದ್ದು ಕೂತ ದಿನ ಇದನ್ನು ತೋರಿಸಿ, ‘ನೋಡಿ ಹೆಂಗಿದೆ’ ಅನ್ನಬೇಕು, ಮುದುಕಿಯ ಬಾಯಿ ಒಮ್ಮೆಯಾದರೂ ಕಟ್ಟಬೇಕು ಅಂತ ಅವಳ ಹಿಗ್ಗು.

“ಏನೇ ಅದು ಸದ್ದು?” ಒಳಗಿನಿಂದ ಕ್ಷೀಣ ದನಿ.

“ಏನಿಲ್ಲ ಅತ್ತೆ. ಒಲೆಗೂಡು ಸರಿ ಮಾಡ್ತಿದ್ದೀನಿ.”

ಸಂಜೆ ತಲೆ ಬಾಚುವಾಗ ಅತ್ತೆ ಅವಳ ಕೈ ಹಿಡಿದುಕೊಂಡು ಆ ಮಾತು ಕೇಳಿದ್ದು. ತಣ್ಣೀರು ಬೇಡ. ನೊರೆ ಬರಬೇಕು. “ನಿನ್ನ ಕೈ ಒರಟು. ಆದ್ರೂ ನಿನ್ನ ಕೈಯೇ ಆಗ್ಬೇಕು.”

*

“ಇಲ್ಲ” ಎಂದಳು ಸೊಸೆ ನಾದಿನಿಗೆ. “ತಣ್ಣೀರು ಹಾಕಲ್ಲ.”

ಎದ್ದವಳು ನಡುಮನೆ ದಾಟಿ, ಅಂಗಳ ದಾಟಿ, ಓಣಿಯ ನಡುವೆ ಹೋಗಿ ನಿಂತಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಜಗಳಕ್ಕೆ ನಿಲ್ಲುವಾಗ ನಿಲ್ಲುವ ಹಾಗೇ.

“ಎಲ್ಲರೂ ಕೇಳಿ! ನಮ್ಮತ್ತೆ ಹಂಡೆ ಹೋಯ್ತು. ಕಲ್ಲು ತೆಗೀತೀನಿ ಅಂತ ಹೋಗಿ ನಾನೇ ತೂತು ಮಾಡಿದ್ದೀನಿ. ಬೈಯೋದಿದ್ರೆ ನಾಳೆ ಬನ್ನಿ, ಬಾಗಿಲು ತೆಗೆದೇ ಇರುತ್ತೆ. ಈಗ ಅವರಿಗೆ ಎರೆಯೋಕೆ ನೀರು ಬೇಕು. ನಿಮ್ಮ ನಿಮ್ಮ ಮನೇಲಿ ಎಷ್ಟಾಗುತ್ತೋ ಅಷ್ಟು ಕುದಿಸಿ. ಬರೀ ಬೆಚ್ಚಗೆ ಮಾಡ್ಕೊಂಡು ಬಂದ್ರೆ ಅಲ್ಲೇ ಚೆಲ್ತೀನಿ! ಕುದಿಸಿ, ಇಳಿಸಿ, ಕದಡಬೇಡಿ. ತಳದ್ದು ಬಿಟ್ಟು ಮೇಲಿನದು ತನ್ನಿ!”

ಜಾಕಿ ಎಲ್ಲರಿಗಿಂತ ಮೊದಲು ಎದ್ದ. ಬಸ್ ನಿಲ್ದಾಣದ ಚಹಾ ಅಂಗಡಿಯ ಕಡೆ ದಾಪುಗಾಲು ಹಾಕಿದ. ಅವನ ಹಿಂದೆ ಕ್ಷೌರದಂಗಡಿಯವನು, ಆಮೇಲೆ ಹೆಂಗಸರು, ಒಬ್ಬೊಬ್ಬರಾಗಿ ತಂತಮ್ಮ ಮನೆಗೆ.

ನಾದಿನಿ ಹಿತ್ತಿಲಿಗೆ ಓಡಿದಳು, ಸೊಸೆ ಹಿಂದೆಯೇ ಹೋದಳು. ನಾದಿನಿ ಒದ್ದೆ ಬೂದಿ ನೋಡಿದಳು. ತಿರುಗಿದವಳ ಮುಖ ನೋಡುವ ಹಾಗಿರಲಿಲ್ಲ.

“ನಮ್ಮಮ್ಮ ಇನ್ನೂ ಉಸಿರಾಡ್ತಿರುವಾಗಲೇ ಅವಳ ಹಂಡೆಗೆ ಕೈ ಹಾಕಿದ್ರಾ?”

“ಹಾಕ್ದೆ.”

“ಅಷ್ಟು ಹೇಳಿದ್ಲಲ್ಲ, ಅದರ ತಂಟೆಗೆ ಹೋಗ್ಬೇಡ ಅಂತ!”

“ಹೇಳಿದ್ರು. ಹೋದೆ. ನಿಮ್ಮಮ್ಮ ಕಾರಣ ಹೇಳಿದ್ರೆ ಹೋಗ್ತಿರಲಿಲ್ಲ. ನಾನೂ ನೆಟ್ಟಗೆ ಕೇಳಿದ್ರೆ ಹೇಳ್ತಿದ್ರೋ ಏನೋ.” ಅಷ್ಟು ಹೇಳುವಾಗ ಅವಳ ದನಿ ಒಡೆಯಿತು. ಮದುವೆಯಾದಾಗಿನಿಂದ ಆ ಮನೆಯವರು ಯಾರೂ ಅದು ಒಡೆದದ್ದನ್ನು ಕೇಳಿರಲಿಲ್ಲ.

ಬಾಟ್ಲಿ ಸಾಹೇಬ ಹಿತ್ತಿಲಿಗೆ ಬಂದದ್ದು ಆಗ. ಕೆಲಸದಿಂದ ನಿವೃತ್ತನಾಗಿ ಕೋಲೂರಿಕೊಂಡು ನಡೆಯುತ್ತಿದ್ದ. ಹಂಡೆಯೊಳಗೆ ಬಗ್ಗಿ ನೋಡಿದ. ಕೈಸನ್ನೆ ಮಾಡಿ ಇಬ್ಬರನ್ನೂ ಕರೆದ. ಒಲೆಯ ಬಾಯಿಂದ ಬರುತ್ತಿದ್ದ ಬೆಳಕು ಹಂಡೆಯ ತಳದಲ್ಲಿ ಚುಕ್ಕಿಚುಕ್ಕಿಯಾಗಿ ಹೊಳೆಯುತ್ತಿತ್ತು. ಹಾಡುಹಗಲಲ್ಲಿ ಯಾರೋ ಹಂಡೆಯೊಳಗೆ ಒಂದಿಷ್ಟು ಆಕಾಶ ತುಂಬಿಟ್ಟ ಹಾಗೆ.

“ಇದು ಆಸಿಡ್ಡು ಮಾಡಿದ್ದಲ್ಲಮ್ಮ. ತಾಮ್ರ ಬೆಂಕಿಗೆ ಸವೆದು ಯಾವ ಕಾಲಕ್ಕೋ ತೂತು ಬಿದ್ದಿದೆ. ಇಷ್ಟು ವರ್ಷ ನೀರು ನಿಂತಿದ್ದು ತಾಮ್ರದಲ್ಲಲ್ಲ.”

“ಮತ್ತೆ?”

“ಕಲ್ಲಿನಲ್ಲಿ. ಹಂಡೆ ಒಳಗೆ ಇನ್ನೊಂದು ಹಂಡೆ ಬೆಳೆದಿತ್ತು.”

ಸೊಸೆ ಗೋಡೆಯ ಮೂಲೆ ತೋರಿಸಿದಳು. ಎದ್ದು ಬಂದ ಹಲಗೆಗಳನ್ನು ಅಲ್ಲಿ ರಾಶಿ ಹಾಕಿದ್ದಳು. ಸಾಹೇಬ ಒಂದನ್ನು ಎತ್ತಿ, ಮುರಿದ ಅಂಚಿಗೆ ನೀರು ಚಿಮುಕಿಸಿ, ಬಿಸಿಲಿಗೆ ಹಿಡಿದ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಕೂದಲೆಳೆಯಷ್ಟು ತೆಳ್ಳಗೆ, ಬೆಳ್ಳಗೆ, ಬೂದುಬಣ್ಣಕ್ಕೆ, ನಡುವೆ ಅಲ್ಲಲ್ಲಿ ಬಣ್ಣದ ಗೆರೆ.

“ಈ ಕೆಂಪು ನೋಡಿ. ದೊಡ್ಡ ಪೈಪು ತುಕ್ಕು ಹಿಡಿದು ಊರಿಗೆಲ್ಲ ಕೆಂಪು ನೀರು ಬಂತಲ್ಲ, ಆ ವರ್ಷದ್ದಿರಬೇಕು.”

“ನನ್ನ ಮದುವೆ ವರ್ಷ” ಎಂದಳು ನಾದಿನಿ. ಅಳು ನಿಂತಿತ್ತು. “ಸೀರೆಯೆಲ್ಲ ಕೆಂಪಾಗುತ್ತೆ ಅಂತ ಅಮ್ಮ ಹತ್ತು ಸಲ ಸೋಸಿದ್ಲು.” ಅವಳು ಬೆರಳಿನಿಂದ ಗೆರೆಯನ್ನು ಸವರಿ, ಅದರ ಕೆಳಗೆ ಒಂದು ಕಡೆ ನಿಲ್ಲಿಸಿದಳು. “ಇಲ್ಲಿ ಯಾಕೆ ಇಷ್ಟು ತೆಳ್ಳಗಿದೆ?”

ಬಾಗಿಲಲ್ಲಿ ನಿಂತಿದ್ದ ಸೊಸೆಯ ಗಂಡ ಹತ್ತಿರ ಬಂದು ನೋಡಿದ.

“ಅಪ್ಪ ಹೋದಾಗ ಇರ್ಬೇಕು. ಅಮ್ಮ ಸ್ವಲ್ಪ ಕಾಲ ಒಲೆ ಹಚ್ಚಲಿಲ್ಲ.”

ಆ ತೆಳುಗೆರೆಯ ಮೇಲಿನ ಪದರ ಮತ್ತೆ ದಪ್ಪವಾಗಿತ್ತು. ಮೊದಲಿಗಿಂತಲೂ ದಪ್ಪ. ಸಾಹೇಬ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ.

“ಇದಿಷ್ಟೂ ಜನರ ತಲೆ ಮೇಲೆ ಬೀಳಬೇಕಾಗಿದ್ದದ್ದು” ಎಂದ ಮೆಲ್ಲಗೆ. “ನಾನು ಜೀವನವೆಲ್ಲ ಈ ಊರಿನ ನೀರಿನ ಗಡಸುತನ ಕಾಗದದಲ್ಲಿ ಬರೆದೆ. ಕೈಯಲ್ಲಿ ಹಿಡಿದಿದ್ದು ಇವತ್ತೇ.”

ಸೊಸೆ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೊಳೆ ಅಂತ ಉಳಿಯಲ್ಲಿ ಕುಕ್ಕಿದ್ದು ಇದನ್ನೇ. ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ಓಣಿಯಲ್ಲಿ ಸದ್ದಾಯಿತು.

ಮೊದಲು ಬಂದದ್ದು ಜಾಕಿ. ಚಹಾ ಅಂಗಡಿಯ ದೊಡ್ಡ ಬಾಯ್ಲರನ್ನೇ ಬಟ್ಟೆ ಸುತ್ತಿ ಭುಜದ ಮೇಲೆ ಹೊತ್ತು ತಂದಿದ್ದ. ಅಲುಗಿದರೆ ಕದಡುತ್ತದೆಂದು, ಮೂಟೆಯಡಿ ಓಡಿಯೇ ಬದುಕಿದ ಆ ಮನುಷ್ಯ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಉಸಿರು ಬಿಗಿಹಿಡಿದು ಬರುತ್ತಿದ್ದ. ಅವನ ಹಿಂದೆ ಕ್ಷೌರದಂಗಡಿಯವನ ಪಾತ್ರೆ. ಬಾಡಿಗೆ ಕೋಣೆಗಳಿಂದ ಪ್ರೆಶರ್ ಕುಕ್ಕರು, ಕೆಟಲು, ಹಾಲಿನ ಪಾತ್ರೆ, ತಟ್ಟೆ ಮುಚ್ಚಿದ ಬೋಗುಣಿ. ಯಾರೂ ಅವಸರ ಮಾಡುತ್ತಿರಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಜನ ನೆಲ ನೋಡುತ್ತ, ಪಾತ್ರೆ ನೋಡುತ್ತ ಮೆಲ್ಲಗೆ ನಡೆಯುತ್ತಿದ್ದರು, ಎಲ್ಲರ ಕೈಯಿಂದಲೂ ಹಬೆ ಏಳುತ್ತಿತ್ತು.

ಸೊಸೆ ಬಾಗಿಲಲ್ಲಿ ನಿಂತು ಒಂದೊಂದನ್ನೂ ಬೆರಳದ್ದಿ ನೋಡಿದಳು.

“ಇದು ಕದಡಿದೆ. ಪಕ್ಕಕ್ಕಿಡಿ, ಇಳೀಲಿ.” “ಇದು ಸರಿಯಾಗಿದೆ.” “ಏನ್ರೀ ಇದು, ತಳ ಸಮೇತ ತಂದಿದ್ದೀರಿ?”

“ಹಂಡೆಯಮ್ಮ ಎದ್ದು ಬಂದ ಹಾಗಾಯ್ತಲ್ಲೋ” ಎಂದು ಕ್ಷೌರದಂಗಡಿಯವನು ಪಿಸುಗುಟ್ಟಿದ.

ಬಚ್ಚಲಮನೆಯಲ್ಲಿ ಹಲಗೆಯ ಮೇಲೆ ಅತ್ತೆಯನ್ನು ಮಲಗಿಸಿ ನಾದಿನಿ ತಲೆ ಹಿಡಿದುಕೊಂಡಳು. ಸೊಸೆ ಮೊದಲ ಚೊಂಬನ್ನು ತನ್ನ ಮೊಣಕೈ ಮೇಲೆ ಸುರಿದು ಹದ ನೋಡಿ, ಅತ್ತೆಯ ನೆತ್ತಿಗೆ ಎರೆದಳು. ಸೋಪು ಹಚ್ಚಿದಳು. ಒಂದು ಸಲ ಉಜ್ಜಿದಳು, ಏನೂ ಇಲ್ಲ. ಇನ್ನೊಂದು ಸಲ.

ಬಿಳಿ ಕೂದಲ ಬುಡದಿಂದ ನೊರೆ ಎದ್ದಿತು. ಮೊದಲು ಗುಳ್ಳೆ, ಆಮೇಲೆ ಬೊಗಸೆ, ಆಮೇಲೆ ಅವಳ ಮಣಿಕಟ್ಟು ಮುಳುಗುವಷ್ಟು. ನೂರು ಮನೆಯ ಪಾತ್ರೆಯ ನೀರು, ನೊರೆ ಒಂದೇ. ನಾದಿನಿ ಒಂದು ಕೈ ಬಿಡಿಸಿ ಬಾಯಿಗೆ ಅಡ್ಡ ಹಿಡಿದಳು.

“ಬಂತು ಅತ್ತೆ” ಎಂದಳು ಸೊಸೆ. “ನೋಡಿ, ಬಂತು.”

ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಒಲೆಯ ಕಿಡಿಯಿಂದ ಕಲೆಬಿದ್ದ ಮುಂಗೈಯಲ್ಲಿ ಅವಳ ಒರಟು ಕೈ ನಿಧಾನ ಓಡಾಡಿತು. ಹೊರಗಿನಿಂದ ಪಾತ್ರೆಗಳು ಒಳಗೆ ಬರುತ್ತಲೇ ಇದ್ದವು.

ಓಣಿಯ ಬಾಯಲ್ಲಿ ಗಾಡಿ ಬಂದು ನಿಂತಿತು. ಡ್ರೈವರು ಬೇರೆ ಊರಿನವನು, ಇಲ್ಲಿ ಯಾರು ಸತ್ತರೆಂಬುದೂ ಅವನಿಗೆ ಗೊತ್ತಿಲ್ಲ. “ಇನ್ನೂ ಎಷ್ಟು ಹೊತ್ತು?” ಎಂದು ಕೂಗಿಕೊಂಡು, ಬಾಗಿಲು ದಢಾರನೆ ಹಾಕಿ, ಬಿರಬಿರನೆ ಮನೆಯ ಕಡೆ ಬಂದ.

ಆಗ ಬಚ್ಚಲ ಗೋಡೆಯ ಕಿಂಡಿಯಿಂದ ಆ ನೀರು ಹೊರಗೆ ಹರಿಯಿತು. ಬಿಳಿ ನೊರೆ ಹೊತ್ತು, ಬಿಸಿಲಲ್ಲೂ ಹಬೆಯಾಡುತ್ತ, ಅಂಗಳದ ಇಳಿಜಾರು ಹಿಡಿದು ಓಣಿಗೆ ಇಳಿಯಿತು. ಜಾಕಿ ಕಾಲು ಹಿಂದಕ್ಕೆ ತೆಗೆದ. ಬಾಟ್ಲಿ ಸಾಹೇಬ ಕೋಲೆತ್ತಿಕೊಂಡ. ಒಬ್ಬರಾದ ಮೇಲೊಬ್ಬರು, ಯಾರೂ ಯಾರಿಗೂ ಹೇಳದೆ, ಗೋಡೆಗೊತ್ತಿ ನಿಂತು ನಡುವೆ ದಾರಿ ಬಿಟ್ಟರು. ನೀರು ಅವರ ನಡುವೆ ಹಾದು ಗಾಡಿಯ ಕಡೆಗೆ ಹೋಗುತ್ತಿತ್ತು. ಡ್ರೈವರು ಅದನ್ನು ದಾಟಲೆಂದು ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದು, ಹಿಂದಕ್ಕಿಟ್ಟುಕೊಂಡು, ಅವರ ಸಾಲಿನಲ್ಲಿ ತಾನೂ ಗೋಡೆಗೆ ಬೆನ್ನು ಹಚ್ಚಿ ನಿಂತ.